ಇದ್ದಲು ಬಸ್ಸಿನ ಹೆಡ್ ಕೊರೆದ ಕಥೆ

ಈಗ ಗ್ಯಾರೇಜಿಗೆ ಸೇರುವ ತರುಣರು ಮೊದಲ ವಾರದಲ್ಲೇ ಕೇಳುವುದು ಒಂದೇ ಪ್ರಶ್ನೆ: ಇಂಜಿನ್ನಿನ ಪವರ್ ಹೆಚ್ಚು ಮಾಡುವುದು ಹೇಗೆ? ನಟ್ಟು ಯಾವ ಕಡೆ ತಿರುಗಿಸಿದರೆ ಬಿಗಿಯಾಗುತ್ತದೆ ಎಂಬುದು ಇನ್ನೂ ಕೈಗೆ ಹತ್ತಿರುವುದಿಲ್ಲ, ಆದರೆ ಪವರ್ ಬೇಕು. ನಾನು ನಗುವುದಿಲ್ಲ. ನಗುವ ಹಕ್ಕು ನನಗಿಲ್ಲ. ಒಂದು ಕಾಲದಲ್ಲಿ ಭಟ್ಕಳದಿಂದ ಕುಮಟೆಯವರೆಗೆ ಬಸ್ಸು ಇಟ್ಟುಕೊಂಡವರೆಲ್ಲ ಪವರ್ ಬೇಕೆಂದು ನನ್ನ ಮನೆಯ ಅಂಗಳಕ್ಕೆ ಬರುತ್ತಿದ್ದರು. ಅವರಿಗೆಲ್ಲ ನಾನು ಪವರ್ ಕೊಟ್ಟು ಕಳಿಸಿದ್ದೇನೆ. ಹೇಗೆ ಕೊಟ್ಟೆ ಎಂಬುದನ್ನು ಮಾತ್ರ ಅವರ್ಯಾರಿಗೂ ಸರಿಯಾಗಿ ಹೇಳಲಿಲ್ಲ. ಈಗ ಅರ, ಸ್ಪ್ಯಾನರುಗಳನ್ನೆಲ್ಲ ಬೇರೆಯವರಿಗೆ ಕೊಟ್ಟು ಕೈ ತೊಳೆದುಕೊಂಡಿದ್ದೇನೆ, ಹೇಳಲು ಅಡ್ಡಿಯಿಲ್ಲ.

ಹೆಡ್ ಎಂದರೆ ಇಂಜಿನ್ನಿನ ಮೇಲೆ ಕೂರುವ ಎರಕದ ಕಬ್ಬಿಣದ ದಪ್ಪ ಮುಚ್ಚಳ. ಅದರೊಳಗೆ ಗಾಳಿ ಒಳಹೋಗಲು, ಹೊಗೆ ಹೊರಬರಲು ಬಿಲಗಳಂಥ ದಾರಿಗಳಿರುತ್ತವೆ. ನಾವು ಅವಕ್ಕೆ ಪೋರ್ಟು ಎನ್ನುತ್ತೇವೆ. ಎರಕ ಹೊಯ್ದಾಗ ಉಳಿದ ಗಂಟು, ತರಿಗಳನ್ನೆಲ್ಲ ಅರದಿಂದ ಉಜ್ಜಿ ತೆಗೆದು ಈ ದಾರಿಗಳನ್ನು ಸ್ವಲ್ಪ ಅಗಲ ಮಾಡಿದರೆ ಇಂಜಿನ್ ಸಲೀಸಾಗಿ ಉಸಿರಾಡುತ್ತದೆ, ಬಲ ಹೆಚ್ಚುತ್ತದೆ ಎಂಬುದು ಸಿದ್ಧಾಂತ. ಸಿದ್ಧಾಂತ ಸುಳ್ಳಲ್ಲ. ಸುಳ್ಳು ಹೇಳಿದವನು ನಾನು.

ಯುದ್ಧದ ಕಾಲ. ಪೆಟ್ರೋಲು ಕೂಪನ್ನಿಗೆ ಬಂದು, ಆಮೇಲೆ ಕೂಪನ್ನಿಗೂ ಸಿಗದಂತಾಗಿ, ಬಸ್ಸುಗಳ ಬೆನ್ನಿಗೆ ಇದ್ದಲಿನ ಒಲೆ ಏರಿತ್ತು. ಆಳೆತ್ತರದ ಒಂದು ಡ್ರಮ್ಮು. ಅದರೊಳಗೆ ಇದ್ದಲು ತುಂಬಿ, ಬೆಂಕಿ ಹಚ್ಚಿ, ಕೈಯಿಂದ ಪಂಖ ತಿರುಗಿಸಿ ಊದಿ ಊದಿ ಗ್ಯಾಸು ಎಬ್ಬಿಸಬೇಕು. ಆ ಗ್ಯಾಸು ಇನ್ನೊಂದು ಸಣ್ಣ ಡ್ರಮ್ಮಿನ ಮೂಲಕ ಹಾದು ಇಂಜಿನ್ನಿಗೆ ಹೋಗುತ್ತದೆ. ಸಣ್ಣ ಡ್ರಮ್ಮಿನ ಹೊಟ್ಟೆಯಲ್ಲಿ ತೆಂಗಿನ ನಾರು ತುಂಬಿರುತ್ತದೆ, ಮಸಿ ಬೂದಿ ಸೋಸಲಿಕ್ಕೆ. ಈ ವ್ಯವಸ್ಥೆಯಲ್ಲಿ ಬಸ್ಸು ಓಡುತ್ತಿತ್ತು ಎಂದರೆ ತಪ್ಪಾದೀತು. ಬಸ್ಸು ಹೊರಡುತ್ತಿತ್ತು. ಮುಂದಿನದು ಪ್ರಯಾಣಿಕರ ತೋಳಿನಲ್ಲಿತ್ತು.

ನಾನಿದ್ದದ್ದು ವಾಮನರಾಯರ ಕಂಪನಿಯಲ್ಲಿ. ವಾಮನರಾಯರು ಒಂದೂವರೆ ಬಸ್ಸಿನ ಮಾಲೀಕರು. ಒಂದು ಓಡುವ ಬಸ್ಸು. ಅರ್ಧ ಎಂದರೆ ಬಿಡಿಭಾಗ ಕಿತ್ತುಕೊಳ್ಳಲಿಕ್ಕೆಂದು ಶೆಡ್ಡಿನಲ್ಲಿ ನಿಲ್ಲಿಸಿಕೊಂಡ ಬೇರೆ ಜಾತಿಯ ಹಳೆಯ ಬಸ್ಸು; ಅದರಲ್ಲಿ ಉಳಿದದ್ದು ಚಾಸಿ, ನಾಲ್ಕು ಸೀಟು ಮತ್ತು ಒಂದು ಕೋಳಿ ಸಂಸಾರ. ನಮ್ಮ ಬಸ್ಸು ಶರಾವತಿಯ ತೆಂಕಣ ದಡದ ಕಾಸರಕೋಡಿನಿಂದ ಭಟ್ಕಳಕ್ಕೆ ಹೋಗಿ ಬರುತ್ತಿತ್ತು. ಹೊನ್ನಾವರದ ಕಡೆಯವರು ದೋಣಿಯಲ್ಲಿ ಹೊಳೆ ದಾಟಿ ಬಂದು ಇಲ್ಲಿ ಬಸ್ಸು ಹತ್ತಬೇಕು. ದಡದಲ್ಲಿ ಎರಡು ಬಸ್ಸು ನಿಂತಿರುತ್ತಿದ್ದವು, ಒಂದು ನಮ್ಮದು, ಇನ್ನೊಂದು ಎದುರು ಕಂಪನಿಯದು. ಜನ ಇಳಿದವರೇ ‘ಯಾವ್ದ್ರಲ್ಲಿ ದೂಡೂದು ಕಮ್ಮಿ?’ ಎಂದು ಕೇಳಿ ಹತ್ತುತ್ತಿದ್ದರು. ಮಂಕಿಯ ಹತ್ತಿರದ ಏರಿನಲ್ಲಿ ಎರಡೂ ಬಸ್ಸು ನಿಲ್ಲುತ್ತಿದ್ದವು. ನಮ್ಮದು ಏರಿನ ಬುಡದಲ್ಲಿ, ಅವರದು ನಡುವಿನಲ್ಲಿ. ಅಷ್ಟರ ಮಟ್ಟಿಗೆ ಅವರದು ಎಕ್ಸ್‌ಪ್ರೆಸ್ಸು.

ಹೀಗಿರುವಾಗ ಕಾರವಾರದಿಂದ ಕಾಗದ ಬಂತು. ಈ ರಸ್ತೆಗೆ ಇನ್ನು ಮೇಲೆ ಒಂದೇ ಬಸ್ಸಿಗೆ ಪರ್ಮಿಟ್ಟು. ಇನ್‌ಸ್ಪೆಕ್ಟರು ಬಂದು ಎರಡನ್ನೂ ಪೂರಾ ಭರ್ತಿ ಮಾಡಿಸಿ ಮಂಕಿ ಏರು ಹತ್ತಿಸಿ ನೋಡುತ್ತಾರೆ. ಯಾರೂ ದೂಡದೆ ಹತ್ತಿದ ಬಸ್ಸಿಗೆ ಪರ್ಮಿಟ್ಟು, ಹತ್ತದ ಬಸ್ಸು ಮನೆಗೆ. ಒಂದು ತಿಂಗಳ ವಾಯಿದೆ.

ವಾಮನರಾಯರು ನನ್ನನ್ನು ಕರೆದರು. ಅವರ ಮನೆಮಾತು ಕೊಂಕಣಿ. ಸಿಟ್ಟು ಬಂದಾಗ ಕೊಂಕಣಿ, ಕೆಲಸ ಆಗಬೇಕಾದಾಗ ಕನ್ನಡ.

‘ಮೇಸ್ತ್ರಿ, ಬಸ್ಸು ಹತ್ತದಿದ್ರೆ ನಾನು ಹೆಂಗೋ ಬದುಕ್ತೆ. ಮನೇಲಿ ತೆಂಗಿನಕಾಯಿ ವ್ಯಾಪಾರ ಉಂಟು. ನಿಂಗೆ ಎಂತ ಉಂಟು?’

ನನಗೆ ಏನೂ ಇರಲಿಲ್ಲ. ಕಾಸರಕೋಡಿನಲ್ಲಿ ಒಂದು ಬಾಡಿಗೆ ಮನೆ, ಹೊಸದಾಗಿ ಮದುವೆಯಾದ ಹೆಂಡತಿ ಮಾದೇವಿ, ಒಂದು ಪೆಟ್ಟಿಗೆ ಹತ್ಯಾರು. ಪರ್ಮಿಟ್ಟು ಹೋದರೆ ನಾನು ಅವಳನ್ನು ಕರೆದುಕೊಂಡು ಕಾಗಾಲಿನ ಅವಳ ತೌರಿಗೆ ಹೋಗಿ ಮಾವನ ಗದ್ದೆಯಲ್ಲಿ ಕಳೆ ಕೀಳಬೇಕಿತ್ತು. ಮಾವ ನನ್ನ ಕೆಲಸವನ್ನು ಮೊದಲಿನಿಂದಲೂ ‘ಆ ಹೊಗೆ ಕೆಲ್ಸ’ ಎನ್ನುತ್ತಿದ್ದರು. ಅವರ ಗದ್ದೆಗೆ ಇಳಿಯುವುದಕ್ಕಿಂತ ಹೊಳೆಗೆ ಇಳಿಯುವುದು ಲೇಸು ಎಂದು ನನಗೆ ಅನ್ನಿಸಿತ್ತು.

ಉಪಾಯ ಹೇಳಿಕೊಟ್ಟವರು ಭಟ್ಕಳದ ಖಾದರ್ ಸಾಹೇಬರು. ಹಡಗಿನಲ್ಲಿ ಫಿಟ್ಟರಾಗಿ ದುಡಿದು ಊರಿಗೆ ಮರಳಿದವರು. ನಾನು ಏನೇ ಕೇಳಲು ಹೋದರೂ ಮೊದಲು ಚಹಾ, ಆಮೇಲೆ ಬೈಗುಳ, ಕೊನೆಗೆ ವಿದ್ಯೆ. ಅವರು ಹೇಳಿದರು:

‘ಇಂಜಿನ್ ಅಂದ್ರೆ ಮನುಷ್ಯ ಇದ್ದಂಗೆ ಭಾಯಿ. ನೆಗಡಿ ಆದವ್ನು ಗುಡ್ಡ ಹತ್ತೂದಿಲ್ಲ. ಹೆಡ್ ಬಿಚ್ಚು, ಪೋರ್ಟು ಅಗಲ ಮಾಡು. ಆದ್ರೆ ಮೂರು ಮಾತು ನೆನಪಿಟ್ಕೋ. ಒಂದು, ಮೊದ್ಲು ಗ್ಯಾಸಿನ ದಾರಿ ಎಲ್ಲೆಲ್ಲಿ ಕಟ್ಟಿದೆ ಅಂತ ಡ್ರಮ್ಮಿಂದ ಹಿಡ್ದು ನೋಡು. ಎರಡು, ಅಗಲ ಮಾಡೂದು ಉಗುರಿನಷ್ಟು, ಬೆರಳಿನಷ್ಟಲ್ಲ. ಮೂರು, ಆಚೆ ಬದಿಗೆ ನೀರಿದೆ.’

ಇಂಜಿನ್ನು ಕಾಯದಿರಲೆಂದು ಹೆಡ್ಡಿನ ಗೋಡೆಯೊಳಗೆ ನೀರು ಹರಿಯುತ್ತದೆ, ಅತಿಯಾಗಿ ಕೊರೆದರೆ ಪೋರ್ಟು ನೀರಿನ ದಾರಿಗೆ ತೂತು ಬೀಳುತ್ತದೆ ಎನ್ನುವುದು ಅವರ ಮೂರನೆಯ ಮಾತಿನ ಅರ್ಥ. ಮೂರಕ್ಕೂ ನಾನು ತಲೆಯಾಡಿಸಿದೆ. ತಲೆಗೆ ಹೋದದ್ದು ‘ಹೆಡ್ ಬಿಚ್ಚು’ ಎನ್ನುವುದೊಂದೇ.

ಶೆಡ್ಡಿನಲ್ಲಿ ಕೆಲಸ ಮಾಡಬಾರದು ಎಂದು ವಾಮನರಾಯರ ಕಟ್ಟಪ್ಪಣೆ. ಎದುರು ಕಂಪನಿಯವರು ನೋಡಿಬಿಟ್ಟಾರು. ‘ಗುಟ್ಟಿನ ಕೆಲ್ಸ ಎಲ್ಲ ನಿನ್ನ ಮನೇಲಿ ಮಾಡು’ ಎಂದರು. ಹೆಡ್ಡನ್ನು ಮೀನಿನ ಬುಟ್ಟಿಯಲ್ಲಿಟ್ಟು, ಮೇಲೆ ಬಾಳೆಲೆ ಮುಚ್ಚಿ, ಬಿದಿರು ದೊಣ್ಣೆಗೆ ಕಟ್ಟಿ ನಾನೂ ನಮ್ಮ ಡ್ರೈವರ್ ಜುಜೆಯೂ ಹೊತ್ತು ಹೊರಟೆವು. ಕಾಸರಕೋಡಿನಲ್ಲಿ ಬುಟ್ಟಿ ಮುಚ್ಚಿಕೊಂಡು ಹೋಗುವುದೆಂದರೆ ಊರಿಗೆಲ್ಲ ಡಂಗುರ ಸಾರಿದಂತೆ. ದಾರಿಯುದ್ದಕ್ಕೂ ಹೆಂಗಸರು ‘ಎಂತಾ ಮೀನು? ಹ್ಯಾಂಗೆ ಕೊಟ್ರಿ?’ ಎಂದು ಹಿಂದೆ ಬಿದ್ದರು. ಒಬ್ಬಳು ಬಾಳೆಲೆ ಎತ್ತಿಯೇ ನೋಡಿದಳು. ನೋಡಿ, ‘ಅಯ್ಯ, ಬಸ್ಸಿಂದು ತಲೆ!’ ಎಂದು ಕೂಗಿದಳು. ನಾವು ಮನೆ ಮುಟ್ಟುವಷ್ಟರಲ್ಲಿ ಎದುರು ಕಂಪನಿಯ ಡ್ರೈವರು ನಮ್ಮ ಬೇಲಿಯ ಹತ್ತಿರ ಬೀಡಿ ಸೇದುತ್ತಾ ನಿಂತಿದ್ದ.

ಮರುದಿನ ಜುಜೆ ನಾರು ತುಂಬಿದ ಸಣ್ಣ ಡ್ರಮ್ಮನ್ನೂ ತಂದು ಅಂಗಳದಲ್ಲಿ ಉರುಳಿಸಿ ಹೋದ. ಗುಟ್ಟಿನದೆಲ್ಲ ಮೇಸ್ತ್ರಿ ಮನೆಗೆ ಎಂದು ರಾಯರು ಹೇಳಿದ್ದರಂತೆ. ಯಾವುದು ಗುಟ್ಟು ಎಂದು ಅವನಿಗೆ ತಿಳಿಯದೆ ಬಿಚ್ಚಲು ಬಂದದ್ದನ್ನೆಲ್ಲ ತಂದಿದ್ದ. ನಾನು ಅದರತ್ತ ತಿರುಗಿಯೂ ನೋಡಲಿಲ್ಲ.

ಇನ್ನು ಕೆಲಸದ ರೀತಿ ಹೇಳುತ್ತೇನೆ, ಕಲಿಯುವವರು ನಗದೆ ಓದಬೇಕು. ಈಗಿನಂತೆ ಕರೆಂಟಿನ ಗ್ರೈಂಡರು ಇರಲಿಲ್ಲ. ಮೊದಲು ಹೆಡ್ಡಿಗೆ ಹತ್ತಿದ ಕರಿ ಬಿಡಿಸಬೇಕು. ಬಚ್ಚಲ ಹಂಡೆಯಲ್ಲಿ ಸೋಡಾ ಹಾಕಿ ಹೆಡ್ಡನ್ನು ಬೇಯಿಸಿದೆ. ಮೂರು ದಿನ ನಮ್ಮ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. ಆಮೇಲೆ ಅದನ್ನು ಅಲ್ಲಾಡದಂತೆ ಕೂರಿಸಲು ಗಟ್ಟಿ ಜಾಗ ಬೇಕಿತ್ತು. ಮನೆಯಲ್ಲಿ ಗಟ್ಟಿಯಾಗಿದ್ದದ್ದು ಮಾದೇವಿಯ ರುಬ್ಬುವ ಒರಳು ಒಂದೇ. ಅದರ ಮೇಲೆ ಹೆಡ್ಡು ಕೂತಿತು, ಮಾದೇವಿ ಮಸಾಲೆ ಅರೆಯಲು ಪಕ್ಕದ ಮನೆಗೆ ಹೋಗತೊಡಗಿದಳು.

ನಾಲ್ಕು ಸಿಲಿಂಡರು, ಎಂಟು ಪೋರ್ಟು. ಎಲ್ಲವೂ ಒಂದೇ ಅಳತೆಗೆ ಬರಬೇಕು, ಒಳಗೆ ಕಣ್ಣು ಹೋಗುವುದಿಲ್ಲ. ನಾನು ಕಂಡುಕೊಂಡ ಉಪಾಯವೆಂದರೆ ಗಟ್ಟಿಯಾಗಿ ಕಲಸಿದ ಅಕ್ಕಿ ಹಿಟ್ಟನ್ನು ಪೋರ್ಟಿನೊಳಗೆ ಒತ್ತಿ, ಹಾಗೇ ಹೊರಗೆ ಎಳೆದು, ಬಂದ ಅಚ್ಚುಗಳನ್ನು ಸಾಲಾಗಿ ಇಟ್ಟು ಹೋಲಿಸುವುದು. ಬಾಳೆಲೆಯ ಮೇಲೆ ಎಂಟು ಅಚ್ಚು ಇಟ್ಟುಕೊಂಡು ನಾನು ಧ್ಯಾನ ಮಾಡುತ್ತಿದ್ದೆ. ಮಾದೇವಿ ಬಂದು ನೋಡಿದಳು.

‘ಈ ಕಡುಬು ಯಾವ ದೇವ್ರಿಗೆ?’

‘ಇದು ಅಳತೆ. ನಿಂಗೆ ಗೊತ್ತಾಗೂದಿಲ್ಲ’ ಎಂದೆ.

‘ಅಕ್ಕಿಗೆ ಕಂಟ್ರೋಲು. ಮನುಷ್ಯರಿಗೆ ಗಂಜಿ, ಕಬ್ಬಿಣಕ್ಕೆ ಕಡುಬು. ಆತು, ಬಡ್ಸಿ’ ಎಂದು ಹೋದಳು.

ಅರದ ಕೆಲಸ ಮುಗಿದ ಮೇಲೆ ನುಣುಪು ಮಾಡಬೇಕು. ಕೋಲಿಗೆ ಎಮರಿ ಬಟ್ಟೆ ಸುತ್ತಿ ಉಜ್ಜುವುದು ಕ್ರಮ. ಯುದ್ಧದ ದೆಸೆಯಿಂದ ಎಮರಿ ಬಟ್ಟೆ ಎರಡು ಪೋರ್ಟಿಗೇ ಮುಗಿಯಿತು. ನಮ್ಮ ಕಡೆ ಬಡಗಿಗಳು ಮರ ನುಣುಪು ಮಾಡಲು ತೊರಕೆ ಮೀನಿನ ಒಣಗಿಸಿದ ಚರ್ಮ ಬಳಸುತ್ತಿದ್ದರು, ಮುಟ್ಟಿದರೆ ಬೆರಳು ತರಚುವಷ್ಟು ಒರಟು. ಅದನ್ನೇ ತಂದು ಕೋಲಿಗೆ ಸುತ್ತಿ ಉಜ್ಜಿದೆ. ಕಬ್ಬಿಣ ಎಷ್ಟು ಸವೆಯಿತೋ ನನಗೆ ಗೊತ್ತಿಲ್ಲ, ಹೊಳಪಂತೂ ಬಂತು. ಜೊತೆಗೆ ವಾಸನೆಯೂ ಬಂತು. ಕೇರಿಯ ಬೆಕ್ಕುಗಳೆಲ್ಲ ಬಂದು ಒರಳಿನ ಸುತ್ತ ಕೂತವು. ನಾನು ಊಟಕ್ಕೆ ಎದ್ದಾಗ ಒಂದು ಬೆಕ್ಕು ಮೂರನೆಯ ಪೋರ್ಟಿಗೆ ಮೂತಿ ಹಾಕಿ ಶ್ರದ್ಧೆಯಿಂದ ನೆಕ್ಕುತ್ತಿತ್ತು. ಅಷ್ಟು ನಯವಾಗಿ ಯಾವ ಫಿಟ್ಟರೂ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ.

ಆ ಹೊಳಪೇ ನನ್ನನ್ನು ಕೆಡಿಸಿತು. ಕನ್ನಡಿಯಂತೆ ಹೊಳೆಯುವ ಪೋರ್ಟು ನೋಡಿ ನೋಡಿ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಅರ ಹಾಕುತ್ತ ಹೋದೆ. ಪರೀಕ್ಷೆಗೆ ಆರು ದಿನ ಉಳಿದಿದ್ದಾಗ ಹೆಡ್ಡಿನಲ್ಲಿ ನೀರು ತುಂಬಿ ನೋಡಿದೆ. ಐದನೆಯ ಪೋರ್ಟಿನ ಗೋಡೆಯಲ್ಲಿ ಒಂದು ಹನಿ ಮೂಡಿತು. ಒರೆಸಿದೆ. ಮತ್ತೆ ಮೂಡಿತು. ನಾನು ಅಂಗಳದಲ್ಲೇ ಕೂತುಬಿಟ್ಟೆ.

ಆ ಹನಿಯ ಅರ್ಥ ಏನೆಂದು ಈಗಿನವರಿಗೆ ತಿಳಿಯಲಿಕ್ಕಿಲ್ಲ. ಈಗ ಹೆಡ್ ಕೆಟ್ಟರೆ ಹುಬ್ಬಳ್ಳಿಗೆ ಫೋನು ಮಾಡಿ ಬೇರೆ ತರಿಸಬಹುದು. ಆಗ ಬೊಂಬಾಯಿಯಲ್ಲೂ ಸಿಗುತ್ತಿರಲಿಲ್ಲ. ಹೆಡ್ ಇಲ್ಲದಿದ್ದರೆ ಬಸ್ಸಿಲ್ಲ, ಬಸ್ಸಿಲ್ಲದಿದ್ದರೆ ಪರ್ಮಿಟ್ಟಿಲ್ಲ, ಮತ್ತು ಮಾಲೀಕನ ಹೆಡ್ಡಿಗೆ ತೂತು ಕೊರೆದ ಮೇಸ್ತ್ರಿಗೆ ಕಾರವಾರದಿಂದ ಮಂಗಳೂರಿನ ತನಕ ಯಾವ ಶೆಡ್ಡಿನ ಬಾಗಿಲೂ ತೆರೆಯುವುದಿಲ್ಲ. ನನಗೆ ಅಳು ಬಂತು, ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಖಾದರ್ ಸಾಹೇಬರಲ್ಲಿಗೆ ಓಡಬೇಕು. ನಮ್ಮ ಬಸ್ಸಿಗೆ ತಲೆಯೇ ಇಲ್ಲ. ಎದುರು ಕಂಪನಿಯ ಬಸ್ಸಿನಲ್ಲೇ ಹೋದೆ. ಮಂಕಿ ಏರಿನ ನಡುವೆ ಅದು ನಿಂತಿತು, ಎಲ್ಲರ ಜೊತೆ ನಾನೂ ಇಳಿದು ದೂಡಿದೆ. ಡ್ರೈವರು ಹೊರಗೆ ತಲೆ ಹಾಕಿ, ‘ಜೋರು ದೂಡಿ ಮೇಸ್ತ್ರೇರೆ, ಪರೀಕ್ಷೆ ದಿನ ನೀವು ಸಿಗೂದಿಲ್ಲ’ ಎಂದ.

ಸಾಹೇಬರು ಚಹಾ ಕೊಡಲಿಲ್ಲ, ನೇರ ಬೈಗುಳಕ್ಕೆ ಇಳಿದರು. ಅದು ಮುಗಿದ ಮೇಲೆ ಹೇಳಿದರು: ಕಬ್ಬಿಣದ ಅರಪುಡಿ, ನವಸಾಗರ, ಚೂರು ಗಂಧಕ ಸೇರಿಸಿ ನೀರಿನಲ್ಲಿ ಕಲಸಿ ತೂತಿಗೆ ಗಿಡಿದು ಬಿಡು. ತುಕ್ಕು ಹಿಡಿದು ಹಿಡಿದು ಅದೇ ಕಲ್ಲಾಗುತ್ತದೆ. ಹಡಗಿನ ಬಾಯ್ಲರಿಗೆ ಮಾಡುವ ಕೆಲಸ ಅದು.

‘ಅರಪುಡಿ ಎಲ್ಲಿಂದ ತರೂದು ಸಾಹೇಬ್ರೆ?’

‘ಮೂರು ವಾರ ಎಂತ ಉದುರಿಸ್ದೆ ನೀನು? ಅದನ್ನೇ ತಿರುಗಿ ತುಂಬು.’

ಮನೆಗೆ ಬಂದರೆ ಅಂಗಳ ಸ್ವಚ್ಛ. ಮಾದೇವಿ ಗುಡಿಸಿದ ಕಬ್ಬಿಣದ ಪುಡಿಯನ್ನೆಲ್ಲ ತೆಂಗಿನ ಬುಡಕ್ಕೆ ಹಾಕಿದ್ದಳು, ಮರಕ್ಕೆ ಒಳ್ಳೆಯದೆಂದು. ನಾನು ಅರ್ಧ ಬಸ್ಸಿನಿಂದ ಹಿಂದೆಂದೋ ಕಿತ್ತಿಟ್ಟುಕೊಂಡಿದ್ದ ಅಯಸ್ಕಾಂತ ಹಿಡಿದು ಇಡೀ ಮಧ್ಯಾಹ್ನ ತೆಂಗಿನ ಬುಡದಲ್ಲಿ ಮಣ್ಣು ಸೋಸುತ್ತ ಕೂತೆ. ಬೇಲಿಯಾಚೆ ಬೀಡಿ ಸೇದುತ್ತಿದ್ದ ಎದುರು ಕಂಪನಿಯ ಡ್ರೈವರು ಇದನ್ನೂ ನೋಡಿದ. ಆಮೇಲೆ ಅವರ ಮೇಸ್ತ್ರಿಯೂ ತೆಂಗಿನ ಬುಡ ಅಗೆಯುತ್ತಿದ್ದನಂತೆ, ಏಕೆಂದು ತಿಳಿಯದೆ.

ನಾನು ಹೀಗೆ ತೂತು ಮುಚ್ಚುವ ಗಡಿಬಿಡಿಯಲ್ಲಿದ್ದಾಗ ಮಾದೇವಿ ಆ ಸಣ್ಣ ಡ್ರಮ್ಮಿನ ಮುಚ್ಚಳ ತೆಗೆದಿದ್ದಳು. ಒಣಹಾಕಿದ ಬಟ್ಟೆಗೆಲ್ಲ ಅದರ ಮಸಿ ಹಾರುತ್ತಿತ್ತು ಎಂಬುದು ಕಾರಣ. ಒಳಗಿನ ನಾರು ಹಾಕಿದ ದಿನದಿಂದ ಯಾರೂ ಬದಲಿಸಿರಲಿಲ್ಲ. ಡಾಂಬರಿನಂತೆ ಮುದ್ದೆಯಾಗಿ ಕೂತಿತ್ತು. ಅವಳು ಕಾಗಾಲಿನವಳು. ಅಘನಾಶಿನಿಯ ಕೆಸರಿನಲ್ಲಿ ತೆಂಗಿನ ಸಿಪ್ಪೆ ಕೊಳೆಹಾಕಿ, ಬಡಿದು ಕತ್ತ ತೆಗೆಯುವುದನ್ನು ನಡೆಯಲು ಕಲಿತಾಗಲೇ ಕಲಿತವಳು. ಮುದ್ದೆಯನ್ನೆಲ್ಲ ಕಿತ್ತು ಎಸೆದು, ಡ್ರಮ್ಮನ್ನು ಬೂದಿ ಹಾಕಿ ತಿಕ್ಕಿ, ಹೊಸ ಕತ್ತ ತಂದು, ಎಳೆಎಳೆಯಾಗಿ ಬಿಡಿಸಿ, ಹಗುರವಾಗಿ ಪದರ ಪದರ ತುಂಬಿದಳು. ‘ಆ ಡ್ರಮ್ಮು ತೊಳ್ದು ಬೇರೆ ಕತ್ತ ತುಂಬಿಟ್ಟಿದ್ದೆ’ ಎಂದು ನನಗೆ ಹೇಳಿದಳು. ನಾನು ‘ಹೂಂ’ ಎಂದೆ. ಹೆಂಡತಿ ಹೇಳಿದ್ದಕ್ಕೆ ಆಗ ನಾನು ಹೇಳುತ್ತಿದ್ದದ್ದು ಅಷ್ಟೇ.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಟೊಪ್ಪಿಗೆ ಹಾಕಿಕೊಂಡು ಬಂದು ನಮ್ಮ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತರು. ಒಳಗೆ ಜನ, ಮೇಲೆ ಒಣಮೀನಿನ ಮೂಟೆ. ಏರಿನ ಬುಡ ಬಂದಾಗ ಪ್ರಯಾಣಿಕರು ರೂಢಿಯಂತೆ ಪಂಚೆ ಎತ್ತಿ ಕಟ್ಟಿ ಇಳಿಯಲು ಎದ್ದು ನಿಂತರು. ಜುಜೆ ಗೇರು ಇಳಿಸಿದ. ಬಸ್ಸು ನಿಲ್ಲಲಿಲ್ಲ. ನಾನು ಹಿಂದೆ ಒಲೆಯ ಪಕ್ಕ ನೇತಾಡುತ್ತ, ಐದನೆಯ ಪೋರ್ಟಿನ ಹೆಸರಿನಲ್ಲಿ ಗೊತ್ತಿದ್ದ ದೇವರುಗಳಿಗೆಲ್ಲ ಹರಕೆ ಹೊರುತ್ತಿದ್ದೆ. ಬಸ್ಸು ಏರಿನ ನಡುವನ್ನು ದಾಟಿತು, ನೆತ್ತಿಗೆ ಹೋಯಿತು, ಆಚೆ ಇಳಿಯಿತು. ಎದ್ದು ನಿಂತವರು ನಿಂತೇ ಇದ್ದರು. ಒಬ್ಬ ಮುದುಕ ಮಾತ್ರ ‘ಹಂಗಾರೆ ನಾವು ದೂಡೂದು ಎಲ್ಲಿ?’ ಎಂದು ಚಿಂತೆಯಿಂದ ಕೇಳಿದ. ಎದುರು ಕಂಪನಿಯ ಬಸ್ಸು ಅಂದು ಎಂದಿನಂತೆ ನಡುವಿನಲ್ಲಿ ನಿಂತಿತು.

ಭಟ್ಕಳದಲ್ಲಿ ವಾಮನರಾಯರು ಪೇಟೆಯ ನಡುವೆ ನನ್ನನ್ನು ತಬ್ಬಿಕೊಂಡರು. ಅವರ ಬಿಳಿ ಅಂಗಿಗೆ ನನ್ನ ಎರಡು ಕೈಯ ಗುರುತು ಬಿತ್ತು, ಅದನ್ನು ಒಗೆಸದೆ ಎರಡು ದಿನ ಎಲ್ಲರಿಗೂ ತೋರಿಸಿದರು. ‘ಹೆಡ್ಡು! ಎಲ್ಲ ಹೆಡ್ಡಿನ ಕರಾಮತ್ತು! ಇವ ಮನೇಲಿ ಕೂತು ಕೊರ್ದದ್ದು!’ ನನಗೂ ಹಾಗೇ ಅನ್ನಿಸಿತು. ಕೆಲಸ ಉಳಿಯಿತು, ಹೆಸರೂ ಬಂತು. ಆ ವಾರ ನಾನು ನಡೆಯುವಾಗ ಎದೆ ಸ್ವಲ್ಪ ಮುಂದೆ ಹೋಗುತ್ತಿತ್ತು ಎಂದು ಮಾದೇವಿ ಆಮೇಲೆ ಹೇಳಿದಳು.

ಒಂದು ತಿಂಗಳು ಕಳೆಯಿತು. ಬಸ್ಸು ಮತ್ತೆ ಏರಿನ ಬುಡದಲ್ಲಿ ನಿಂತಿತು. ನನ್ನ ಎದೆ ಒಳಗೆ ಹೋಯಿತು. ಹೆಡ್ ಬಿಚ್ಚಿ ನೋಡಿದರೆ ಪೋರ್ಟುಗಳು ಹೊಳೆಯುತ್ತಿವೆ, ತೇಪೆ ಕಲ್ಲಿನಂತಿದೆ. ಎರಡು ದಿನ ತಲೆ ಕೆರೆದುಕೊಂಡೆ. ಮಾದೇವಿ ಗಂಜಿ ಬಡಿಸುತ್ತ ಕೇಳಿದಳು:

‘ಆ ಡ್ರಮ್ಮಿನ ಕತ್ತ ಬದಲ್ಸಿದ್ರಾ?’

‘ಅದಕ್ಕೂ ಇದಕ್ಕೂ ಎಂತ ಸಂಬಂಧ?’

‘ನಂಗೆ ಎಂತ ಗೊತ್ತು? ಮೂಗಲ್ಲಿ ಮಸಿ ತುಂಬ್ಕಂಡ್ರೆ ನಂಗೆ ಉಸ್ರಾಡೂಕೆ ಆಗೂದಿಲ್ಲ. ಅದ್ಕೆ ಕೇಳ್ದೆ.’

ಹೊಸ ಕತ್ತ ತುಂಬಿಸಿದೆ. ಬಸ್ಸು ಏರು ಹತ್ತಿತು. ನನಗೆ ಸಂತೋಷವಾಗಲಿಲ್ಲ. ನಂಬಿಕೆ ಬಾರದೆ ಹಳೆಯ ಮಸಿ ಮುದ್ದೆಯನ್ನೇ ತಿರುಗಿ ತುಂಬಿ ನೋಡಿದೆ, ಬಸ್ಸು ನಿಂತಿತು. ಮತ್ತೆ ಹೊಸದು ಹಾಕಿದೆ, ಹತ್ತಿತು. ಅಂದು ಏರಿನ ನೆತ್ತಿಯಲ್ಲಿ ನಿಂತು ನನಗೆ ಎಲ್ಲ ಸ್ಪಷ್ಟವಾಯಿತು. ಖಾದರ್ ಸಾಹೇಬರು ಹೇಳಿದ ಮೊದಲ ಮಾತೇ ಇದು. ಮೂರು ವಾರ ಅರ, ಅಕ್ಕಿ ಹಿಟ್ಟು, ತೊರಕೆ ಚರ್ಮ, ಬೆಕ್ಕಿನ ನಾಲಗೆ ಎಲ್ಲ ಸೇರಿ ಕೊಟ್ಟ ಬಲ ಬೆರಳ ತುದಿಯಷ್ಟು. ಉಳಿದದ್ದು ಅವಳು ಒಂದು ಬೆಳಿಗ್ಗೆ ತುಂಬಿದ ಕತ್ತ.

ಹೇಳಬಹುದಿತ್ತು. ಆ ದಿನವೇ ಶೆಡ್ಡಿಗೆ ಹೋಗಿ ‘ರಾಯರೆ, ವಿಷಯ ಹೀಗೆ’ ಎನ್ನಬಹುದಿತ್ತು. ಆದರೆ ಅಷ್ಟರಲ್ಲಿ ಕುಮಟೆಯ ಒಬ್ಬ ಬಸ್ ಮಾಲೀಕರು ತಮ್ಮ ಹೆಡ್ಡನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು, ಹೊಳೆ ದಾಟಿಸಿ, ನನ್ನ ಅಂಗಳಕ್ಕೆ ತಂದಿದ್ದರು. ‘ಹೆಡ್ ಕೊರಿಯೂದ್ರಲ್ಲಿ ನಿಮ್ಮ ಬಿಟ್ರೆ ಇಲ್ಲ ಅಂಬ್ರು’ ಎಂದರು. ಅಂಥ ಮಾತು ಕೇಳಿದ ಮೇಲೆ ಸತ್ಯ ಹೇಳಲು ನನಗಿಂತ ದೊಡ್ಡ ಮನುಷ್ಯ ಬೇಕು. ನಾನು ಗಂಭೀರವಾಗಿ, ‘ಹೆಡ್ ಜೊತೆಗೆ ಕತ್ತದ ಡ್ರಮ್ಮೂ ತರಬೇಕು. ಇಲ್ಲದಿದ್ರೆ ನನ್ನ ಕೆಲಸ ನಿಲ್ಲೂದಿಲ್ಲ’ ಎಂದೆ.

ಅಲ್ಲಿಂದ ಯುದ್ಧ ಮುಗಿಯುವವರೆಗೆ ನಮ್ಮ ಅಂಗಳದಲ್ಲಿ ಅದೇ ನಡೆಯಿತು. ಒರಳಿನ ಮೇಲೆ ಹೆಡ್ಡು, ನಾನು ಅರ ಹಿಡಿದು ಎಲ್ಲರಿಗೆ ಕಾಣುವಂತೆ ಮುಂದೆ. ತೆಂಗಿನ ಬುಡದಲ್ಲಿ ಡ್ರಮ್ಮು, ಮಾದೇವಿ ಮೊಣಕೈವರೆಗೆ ಮಸಿಯಾಗಿ ಹಿಂದೆ. ಕತ್ತಕ್ಕಾಗಿ ಕಾಗಾಲಿಗೆ ಹೇಳಿ ಕಳಿಸುತ್ತಿದ್ದವಳೂ ಅವಳೇ. ಆ ಮಸಿ ಸೋಪಿಗೂ ಬಿಡುತ್ತಿರಲಿಲ್ಲ, ಬಾವಿಕಟ್ಟೆಯಲ್ಲಿ ಹೆಂಗಸರು ಅವಳನ್ನು ಇದ್ದಲು ಮಾದೇವಿ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಎದ್ದರೆ ಕೆಮ್ಮು. ನನ್ನ ಪೋರ್ಟುಗಳು ಮಾತ್ರ ಕನ್ನಡಿಯಂತೆ ಹೊಳೆಯುತ್ತಿದ್ದವು.

ಒಂದು ದಿನದ್ದು ಹೇಳಲೇಬೇಕು. ಅದೇ ಕುಮಟೆಯ ಮಾಲೀಕರು ಹೆಡ್ ಒಯ್ಯಲು ಬಂದಿದ್ದರು. ಪೋರ್ಟಿನೊಳಗೆ ಬೆರಳು ಹಾಕಿ ಸವರಿ ‘ಆಹಾ’ ಎಂದರು. ಆಮೇಲೆ ಡ್ರಮ್ಮಿನ ಹತ್ತಿರ ಕೂತು ಕತ್ತ ಬಿಡಿಸುತ್ತಿದ್ದ ಮಾದೇವಿಯನ್ನು ಕಂಡು, ‘ಅವ್ರು ಎಂತ ಮಾಡ್ತ್ರು?’ ಎಂದು ಕೇಳಿದರು.

ಮಾದೇವಿ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

‘ಎಂತ ಇಲ್ಲ. ಮನೇಲಿ ಕೆಲ್ಸ ಇಲ್ಲದಾಗ ಸುಮ್ನೆ ಡ್ರಮ್ಮು ತೊಳೀತ್ಳು’ ಎಂದೆ.

ಅವಳು ತಲೆ ತಗ್ಗಿಸಿ ಕತ್ತ ಬಿಡಿಸುವುದನ್ನು ಮುಂದುವರಿಸಿದಳು. ಮಾಲೀಕರು ಹೋದ ಮೇಲೆ ಕೈ ಒರೆಸಿಕೊಳ್ಳುತ್ತ, ‘ನಾ ಮಾಡೂ ಕೆಲ್ಸ ನಂದು ಅಂತ ಒಂದ್ಸಲ ಹೇಳಿ. ಯಾರಿಗಾದ್ರೂ ಒಬ್ರಿಗೆ’ ಎಂದಳು. ಮದುವೆಯಾದ ಮೇಲೆ ಅವಳು ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಹೇಳುತ್ತೇನೆ ಎಂದೆ. ಸಮಯ ನೋಡಿ ಹೇಳುತ್ತೇನೆ ಎಂದೆ.

ಯುದ್ಧ ಮುಗಿಯಿತು. ನಿಧಾನವಾಗಿ ಪೆಟ್ರೋಲು ಬಂತು. ಬಸ್ಸಿನ ಬೆನ್ನಿನಿಂದ ಒಲೆ ಇಳಿಯಿತು, ಡ್ರಮ್ಮುಗಳು ಗುಜರಿಗೆ ಹೋದವು. ನಾನು ಹೆಡ್ ಕೊರೆಯುವುದನ್ನು ಬಿಡಲಿಲ್ಲ, ಜನ ತರುವುದನ್ನೂ ಬಿಡಲಿಲ್ಲ. ಆದರೆ ಈಗ ಕೊರೆದ ಬಸ್ಸೂ ಕೊರೆಯದ ಬಸ್ಸೂ ಮಂಕಿ ಏರನ್ನು ಒಂದೇ ಹದದಲ್ಲಿ ಹತ್ತುತ್ತಿದ್ದವು. ಕುಮಟೆಯ ಮಾಲೀಕರು ಬಂದು, ‘ಮೇಸ್ತ್ರೇರೆ, ಮುಂಚಿನ ಗುಣ ಇಲ್ಲ. ನಿಮ್ಮ ಕೈಗೆ ಎಂತ ಆತು?’ ಎಂದರು. ವಾಮನರಾಯರು ಅಷ್ಟರಲ್ಲಿ ಹೊಸ ಬಸ್ಸು ತಂದಿದ್ದರು. ಅದರ ಹೆಡ್ಡನ್ನೂ ಕೊರೆದು ಕೊಡು ಎಂದು ಕರೆಸಿದರು. ಹೊಚ್ಚ ಹೊಸ ಹೆಡ್ಡು, ಕಾರ್ಖಾನೆಯ ಬಣ್ಣ ಇನ್ನೂ ಮಾಸಿಲ್ಲ. ಅದರ ಮೇಲೆ ಅರ ಇಡಲು ನನಗೆ ಕೈ ಬರಲಿಲ್ಲ. ಕುಮಟೆಯವರೂ ಅಲ್ಲೇ ಕೂತಿದ್ದರು. ಶೆಡ್ಡಿನಲ್ಲಿ ಎಲ್ಲರೆದುರು ಹೇಳಿಬಿಟ್ಟೆ. ಐದನೆಯ ಪೋರ್ಟಿನ ತೂತು, ತೇಪೆ, ಕತ್ತ, ಮಾದೇವಿ, ಒಂದೂ ಬಿಡದೆ ಹೇಳಿದೆ.

ವಾಮನರಾಯರು ಬಿದ್ದು ಬಿದ್ದು ನಕ್ಕರು.

‘ಕಸಲೆ ರೇ! ಎಂತದಾ ಇದು! ಹೆಂಡ್ತಿ ಮೇಲೆ ಪ್ರೀತಿ ಇರಬೇಕು ಮಾರಾಯಾ, ಆದ್ರೆ ಇಷ್ಟಾ? ತೆಂಗಿನ ನಾರಲ್ಲಿ ಬಸ್ಸು ಗುಡ್ಡ ಹತ್ತೂದು ಅಂದ್ರೆ ಹಗ್ಗ ಕಟ್ಟಿ ಎಳೀಬೇ‌ಕು!’

ಕುಮಟೆಯವರು, ‘ಮೇಸ್ತ್ರೇರು ದೊಡ್ಡವ್ರು. ತಮ್ಮ ವಿದ್ಯೆ ಹೇಳ್ಕಂಬೂದಿಲ್ಲ’ ಎಂದು ಕೈ ಮುಗಿದರು. ಇಷ್ಟು ವರ್ಷ ಊರೂರಿಗೆ ಹೇಳಿಕೊಂಡು ಬಂದ ಕಥೆಯನ್ನು ನನ್ನ ಒಂದು ಮಾತಿಗೆ ಬಿಟ್ಟುಕೊಡಲು ಅವರಾರೂ ತಯಾರಿರಲಿಲ್ಲ. ನಾನು ಎಷ್ಟು ಆಣೆ ಇಟ್ಟು ಹೇಳಿದರೂ ನನ್ನ ವಿನಯ ಹೆಚ್ಚಾಗುತ್ತ ಹೋಯಿತು.

ಮನೆಗೆ ಬಂದೆ. ಮಾದೇವಿ ಮೀನು ಕೊಯ್ಯುತ್ತ ಕೂತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಹೇಳುವಾಗ ಒಳಗೊಳಗೇ ಹೆಮ್ಮೆಯಾಗುತ್ತಿತ್ತು, ಕೊಟ್ಟ ಮಾತು ಉಳಿಸಿಕೊಂಡೆನಲ್ಲ ಎಂದು.

‘ಯಾರೂ ನಂಬಲಿಲ್ಲ’ ಎಂದೆ.

‘ನಂಬ್ತಿದ್ರು’ ಎಂದಳು. ‘ಅಂಗಳದಲ್ಲಿ ಡ್ರಮ್ಮು ಇದ್ದಾಗ ಹೇಳಿದ್ರೆ ನಂಬ್ತಿದ್ರು. ಅವ್ರ ಕಣ್ಣೆದ್ರಿಗೆ ತುಂಬಿ ತೋರ್ಸ್ತಿದ್ದೆ. ಈಗ ಎಂತ ತೋರ್ಸೂದು?’

ಅವಳು ಕೊಯ್ದ ಮೀನನ್ನು ಪಾತ್ರೆಗೆ ಹಾಕಿಕೊಂಡು ತೊಳೆಯಲು ಬಾವಿಯ ಕಡೆ ಹೋದಳು. ಆಮೇಲೆ ಮೂವತ್ತು ವರ್ಷ ನನ್ನ ಜೊತೆ ಬಾಳಿದಳು, ಆ ವಿಷಯವನ್ನು ಒಮ್ಮೆಯೂ ಎತ್ತಲಿಲ್ಲ. ಒಂದು ಸಲವಾದರೂ ಎತ್ತಿ ಬೈದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.